ಎತ್ತಿ ಕುಡಿದ ವೈನು

ಮೇಲಿನ ಮನೆಯ ಅಕ್ಕ ವೈನನ್ನೂ ಎತ್ತಿ ಕುಡಿಯುತ್ತಿದ್ದರು. ತಲೆಯನ್ನು ಹಿಂದಕ್ಕೆ ಬಾಗಿಸಿ, ಗ್ಲಾಸನ್ನು ತುಟಿಗೆ ಸೋಕದಂತೆ ಮೇಲೆ ಹಿಡಿದು, ಸಣ್ಣ ಧಾರೆಯಾಗಿ ಬಾಯಿಗೆ ಬಿಟ್ಟುಕೊಳ್ಳುವುದು. ಉದ್ದ ಕಾಲಿನ ಆ ಗ್ಲಾಸು ಅಂಥ ಕುಡಿತಕ್ಕೆ ಮಾಡಿದ್ದಲ್ಲ. ವಾರಕ್ಕೊಮ್ಮೆಯಾದರೂ ಎರಡು ಹನಿ ಗದ್ದದಿಂದ ಇಳಿದು ಸೀರೆಗೆ ಬೀಳುತ್ತಿತ್ತು. ಅವರ ಕಾಟನ್ ಸೀರೆಗಳ ಸೆರಗಿನಲ್ಲೆಲ್ಲ, ನೇರಳೆ ಹಣ್ಣು ತಿಂದ ಮಕ್ಕಳ ಅಂಗಿಯ ಹಾಗೆ, ಕಲೆಗಳಿದ್ದವು. "ಕಚ್ಚಿ ಕುಡಿಯೋದು ನನ್ನ ಕೈಲಾಗಲ್ಲ ಕಣೇ, ಎಂಜಲು" ಎನ್ನುತ್ತಿದ್ದರು. ಕುಡಿಯುವುದು ವೈನು, ಮಡಿ ಮಾತ್ರ ತೀರ್ಥದ್ದು ಎಂದು ನಾನು ಛೇಡಿಸುತ್ತಿದ್ದೆ.

ಅವರು ಮೈಸೂರಿನ ಕಡೆಯವರು. ಮದುವೆಯಾಗಿರಲಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿದ್ದು, ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ನಾನು ಅದರ ಕೆಳಗಿನ ಮನೆಯ ಒಂದು ಕೋಣೆಯಲ್ಲಿದ್ದ ಗುಮಾಸ್ತೆ. ದೆಹಲಿಗೆ ಬಂದ ಹೊಸತು. ಶನಿವಾರ, ಭಾನುವಾರ ಯಾರೊಂದಿಗೂ ಒಂದು ಮಾತಾಡದೆ ಕಳೆದು, ಸೋಮವಾರ ಬಸ್ಸಿನ ಟಿಕೆಟ್ ಕೇಳುವಾಗ ನನ್ನ ದನಿ ನನಗೇ ಹೊಸದೆನಿಸುತ್ತಿತ್ತು.

ಅಕ್ಕನಿಗೆ ಒಮ್ಮೆ ಎದೆನೋವು ಬಂತು. ಡಾಕ್ಟರು ದಿನಾ ನಡೆಯಿರಿ, ತುಪ್ಪ ಕಡಿಮೆ ಮಾಡಿ ಎಂದರು. ಡಾಕ್ಟರ ಕೋಣೆಯ ಹೊರಗೆ ಕಾಯುವಾಗ ಅಕ್ಕ ಯಾವುದೋ ಪತ್ರಿಕೆಯಲ್ಲಿ ಓದಿಕೊಂಡಿದ್ದರು: ದಿನಕ್ಕೊಂದು ಸಣ್ಣ ಗ್ಲಾಸು ಕೆಂಪು ವೈನು ಹೃದಯಕ್ಕೆ ಒಳ್ಳೆಯದಂತೆ. ಕೇಳಿದ್ದಕ್ಕೆ ಡಾಕ್ಟರು, "ಅಭ್ಯಾಸ ಇಲ್ಲದಿದ್ದರೆ ಶುರು ಮಾಡೋದು ಬೇಡ. ವಾಕಿಂಗ್ ಬಿಡಬೇಡಿ. ಉಳಿದದ್ದು ನಿಮ್ಮಿಷ್ಟ" ಎಂದರಂತೆ. ಅಕ್ಕನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

ಗಂಜಿ ಹಾಕಿದ ಸೀರೆಯುಟ್ಟು, ತರಕಾರಿ ಚೀಲ ಹಿಡಿದು ತಾವೇ ಮದ್ಯದಂಗಡಿಗೆ ಹೋದರು. ಕಬ್ಬಿಣದ ಜಾಲರಿಯ ಮುಂದೆ ಮುಗಿಬಿದ್ದಿದ್ದ ಗಂಡಸರು "ಆಯಿಯೇ ಮಾತಾಜಿ" ಎಂದು ದಾರಿ ಬಿಟ್ಟರಂತೆ. ತಂದದ್ದು ಅಲ್ಲಿದ್ದುದರಲ್ಲೇ ಅಗ್ಗದ್ದು. "ದಿನಾ ತಗೊಳ್ಳೋ ಔಷಧಿ ದುಬಾರಿ ಇರಬಾರದು" ಎಂದರು. ಬಿರಡೆ ತೆಗೆಯಲು ಗೊತ್ತಿಲ್ಲದೆ ಇಬ್ಬರೂ ಲಟ್ಟಣಿಗೆಯ ಹಿಡಿಯಿಂದ ಅದನ್ನು ಒಳಗೇ ದೂಡಿದೆವು. ಚೂರುಗಳು ತೇಲಿದಾಗ ಅಕ್ಕ ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿದರು. ನಾನು ಕುಡಿದ ಮೊದಲ ವೈನು ಕಾಫಿಯ ವಾಸನೆ ಹೊಡೆಯುತ್ತಿತ್ತು.

ಹೌದು, ನಾನೂ ಕುಡಿದೆ. ಪಾತ್ರೆ ಅಂಗಡಿಯ ಭಯ್ಯಾ ಗ್ಲಾಸುಗಳನ್ನು ಜೋಡಿಯಾಗಿಯೇ ಮಾರುತ್ತಿದ್ದ, ಒಂದೇ ಕೊಡಲಿಲ್ಲ. "ಅರ್ಧ ಗಂಟೆ ಕೂತು ನಿಧಾನಕ್ಕೆ ಕುಡೀಬೇಕಂತೆ. ಒಬ್ಬಳೇ ಕೂತು ಗೋಡೆ ಜೊತೆ ಮಾತಾಡಲಾ?" ಎಂದು ಅಕ್ಕ ಎರಡನೆಯದನ್ನು ನನ್ನ ಮುಂದಿಟ್ಟರು. ಸಂಜೆ ವಾಕಿಂಗ್, ಆಮೇಲೆ ದೇವರ ದೀಪ, ಆಮೇಲೆ ಒಂದು ಹಿಡಿ ಹುರಿದ ಕಡಲೇಕಾಯಿ ಬೀಜದೊಂದಿಗೆ ವೈನು. ನಾನು ಕಚ್ಚಿಯೇ ಕುಡಿಯುತ್ತಿದ್ದೆ. ಆ ಅರ್ಧ ಗಂಟೆಗಾಗಿ ನಾನು ಇಡೀ ದಿನ ಕಾಯುತ್ತಿದ್ದೆ. ಅವರೂ ಕಾಯುತ್ತಿದ್ದರು ಎಂಬುದು ಆಗ ನನ್ನ ತಲೆಗೆ ಹೋಗಿರಲಿಲ್ಲ.

ಶುಕ್ರವಾರಗಳಂದು ಅಕ್ಕನ ಮನೆಯಲ್ಲಿ ಕನ್ನಡದ ಹೆಂಗಸರ ಭಜನೆ ನಡೆಯುತ್ತಿತ್ತು. ಹಾಡಿಸುತ್ತಿದ್ದ ಹಿರಿಯಾಕೆ ನನಗೊಂದು ಗಂಡು ನೋಡಿದ್ದರು. ಮಾತುಕತೆ ಮುಗಿಯುವ ಹಂತಕ್ಕೆ ಬಂದಿತ್ತು. ಅಂಥ ಒಂದು ಶುಕ್ರವಾರ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಹಿಂದಿನ ದಿನದ ಗ್ಲಾಸುಗಳು ತೊಳೆಯದೆ ಅಡುಗೆಮನೆಯಲ್ಲೇ ಉಳಿದಿದ್ದವು. ಮಜ್ಜಿಗೆ ತರಲು ಒಳಗೆ ಹೋದ ಹಿರಿಯಾಕೆ ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ಎರಡೂ ಗ್ಲಾಸು ಹಿಡಿದು ಹೊರಗೆ ಬಂದರು.

"ಏನ್ರೀ ಇದು?"

"ವೈನು. ಎದೆಗೆ ಒಳ್ಳೇದು ಅಂತ ಕುಡೀತೀನಿ" ಎಂದರು ಅಕ್ಕ.

ಹಿರಿಯಾಕೆ ಒಂದು ಗ್ಲಾಸನ್ನು ಬೆಳಕಿಗೆ ಹಿಡಿದರು. ಅದರ ಅಂಚಿನಲ್ಲಿ ತುಟಿಯ ಗುರುತು ಒಣಗಿತ್ತು. "ನೀವು ನೀರೂ ಎತ್ತಿ ಕುಡಿಯೋರು. ಇದು ಯಾರದ್ದು?"

ನಾನು ತಲೆ ತಗ್ಗಿಸಿ ಜಮಖಾನದ ದಾರ ಕೀಳುತ್ತ ಕೂತಿದ್ದೆ. ಅಕ್ಕ ಎದ್ದು ಆ ಗ್ಲಾಸನ್ನು ಇಸಿದುಕೊಂಡರು. ಬಾಟಲಿಯಿಂದ ಒಂದಿಷ್ಟು ಬಗ್ಗಿಸಿದರು. ನನ್ನ ತುಟಿಯ ಗುರುತಿದ್ದ ಕಡೆಗೇ ತಮ್ಮ ತುಟಿ ಇಟ್ಟು, ಎಲ್ಲರೂ ನೋಡುತ್ತಿರುವಂತೆ ಕುಡಿದರು. "ಎರಡೂ ನಂದೇ. ಒಂದೊಂದು ದಿನ ಎರಡು ಗ್ಲಾಸೂ ಬೇಕಾಗತ್ತೆ. ಎರಡನೇದು ಕಚ್ಚಿ ಕುಡೀತೀನಿ" ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡರು.

ಮುಂದಿನ ವಾರದಿಂದ ಭಜನೆ ಬೇರೆ ಮನೆಗೆ ಹೋಯಿತು. ನನ್ನ ಮದುವೆ ನಿಶ್ಚಯವಾಯಿತು. ಅಕ್ಕ ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನಾನೇ ಮೆಟ್ಟಿಲು ಹತ್ತುವುದನ್ನು ಬಿಟ್ಟೆ. ಮೊದಲು ನಾಚಿಕೆಗೆ, ಆಮೇಲೆ ಯಾರಾದರೂ ನೋಡಿಯಾರು ಎಂಬ ಭಯಕ್ಕೆ. ಮದುವೆಯಾಗಿ ವಸಂತ್ ಕುಂಜ್‌ಗೆ ಹೋದ ಮೇಲೆ ಆಗಾಗ ಫೋನು ಮಾಡುತ್ತಿದ್ದೆ. ಅಕ್ಕ ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟು ದೆಹಲಿಯ ಇನ್ನೊಂದು ತುದಿಯ ಪೀತಮ್‌ಪುರದಲ್ಲಿ ಸಣ್ಣ ಮನೆ ಹಿಡಿದಿದ್ದರು. "ವೈನು ನಡೀತಿದೆಯಾ ಅಕ್ಕಾ?" ಎಂದು ಒಮ್ಮೆ ಕೇಳಿದೆ. "ನಡೀತಿದೆ. ಆದರೆ ಈಗ ಐದೇ ನಿಮಿಷಕ್ಕೆ ಮುಗಿದುಹೋಗತ್ತೆ ಕಣೇ" ಎಂದರು. ಬರುವ ಭಾನುವಾರ ಬರುತ್ತೇನೆ ಎಂದೆ. ಹೋಗಲಿಲ್ಲ.

ಅವರು ತೀರಿಹೋದ ಸುದ್ದಿ ಬಂದಾಗ ಕ್ರಿಯೆಗಳು ಅರ್ಧ ಮುಗಿದಿದ್ದವು. ಅಕ್ಕನ ತಂಗಿಯ ಮಗ ಊರಿನಿಂದ ಬಂದು ನಡೆಸುತ್ತಿದ್ದ. ಹದಿಮೂರನೆಯ ದಿನದ ಊಟಕ್ಕೆ ಹಳೆಯ ಭಜನೆಯವರೆಲ್ಲ ಬಂದಿದ್ದರು. ಪಂಕ್ತಿಯಲ್ಲಿ ನನ್ನ ಒಂದು ಪಕ್ಕಕ್ಕೆ ನನ್ನ ಗಂಡ, ಇನ್ನೊಂದು ಪಕ್ಕಕ್ಕೆ ಆ ಹಿರಿಯಾಕೆ. ಆಕೆ ಸಾರನ್ನ ಕಲಸುತ್ತ, "ಪಾಪ, ಒಳ್ಳೇ ಹೆಂಗಸು. ಅದೊಂದು ಚಟ ಇಲ್ಲದಿದ್ದರೆ. ದಿನಾ ಎರಡೆರಡು ಗ್ಲಾಸು" ಎಂದರು.

"ಒಂದು ನನ್ನದು" ಎಂದೆ.

ಆಕೆಗೆ ಅರ್ಥವಾಗಲಿಲ್ಲ. ನನ್ನ ಗಂಡ ತಿರುಗಿ ನೋಡಿದರು. ನಾನು ಎಲ್ಲರಿಗೂ ಕೇಳಿಸುವಂತೆ ಇನ್ನೊಮ್ಮೆ ಹೇಳಿದೆ. "ಅಕ್ಕ ಕುಡೀತಿದ್ದಿದ್ದು ಒಂದೇ ಗ್ಲಾಸು. ಎತ್ತಿ ಕುಡೀತಿದ್ದರು. ತುಟಿ ಗುರುತು ಇದ್ದಿದ್ದು ನನ್ನದು."

ಬಡಿಸುವವನು ಪಾಯಸದ ಪಾತ್ರೆ ಹಿಡಿದು ನಿಂತೇ ಇದ್ದ. ಇಷ್ಟು ಹೇಳುವುದಕ್ಕೆ ನನಗೆ ಎಂಟು ವರ್ಷ ಹಿಡಿಯಿತು, ಮತ್ತು ಅದನ್ನು ಕೇಳಬೇಕಾದವರು ಮನೆಯಲ್ಲಿರಲಿಲ್ಲ.