ಮುದತಿ ಮುಗೀತು ಅಂದ ಬಾಯಿ

ನನ್ನ ಮೊಮ್ಮಗಳು ಈ ಸೋಮವಾರ ಮತ್ತ ಸಾಲಿಗೆ ಹೋದ್ಲು! ದಪ್ತರ ಬೆನ್ನಿಗೆ ಹಾಕ್ಕೊಂಡು ಹೋದಾಕಿ ಹಿಂದ ಹೊಳ್ಳಿ ಸುದ್ದಾ ನೋಡಲಿಲ್ಲ. ನಾ ಬಾಗಲದಾಗ ನಿಂತು ನಕ್ಕೆ, ಕಣ್ಣೀರೂ ತಗದೆ, ಓಣಿಯವರಿಗೆಲ್ಲಾ ಸಕ್ರಿ ಹಂಚಿದೆ. ಈ ವಯಸ್ಸಿನಾಗ ಮುದುಕಿ ಹಿಂಗ ಕುಣಿತಾಳ ನೋಡು ಅಂತ ಯಾರರ ಅಂದಿರಬೇಕು. ಅನ್ನಲಿ. ಆದ್ರ ಸಕ್ರಿ ಇಸ್ಕೊಂಡವರು "ಹುಡುಗಿಗೆ ಏನಾಗಿತ್ರಿ?" ಅಂತ ಕೇಳಿದಾಗ ನನ್ನ ಮಾರಿ ಏಳಲಿಲ್ಲ. ನಾಕನೇತ್ತೆ ತನಕ ಸಾಲಿ ಕಲ್ತಾಕಿ ನಾ, ಬಾಯಿಲೆ ಹೇಳಾಕ ಆಗದ್ದು ಬರೀತೀನಿ.

ಹುಡುಗಿಗೆ ಏಳು ವರ್ಷ. ಮೊದಲ ಜ್ವರ ಬಂತು, ದಿನಾ ಸಂಜಿಮುಂದ ಏರೂದು. ಜತ್ತದ ದವಾಖಾನಿಯಾಗ ರಕ್ತ ತಪಾಸ ಮಾಡಿ ಟೈಫಾಯಿಡ್ ಅಂದ್ರು, ಹದಿನಾಕ ದಿನದ ಗುಳಿಗಿ ಬರದ್ರು. ನಮ್ಮ ಕಡೆ ಇದಕ್ಕ ಮುದತಿ ಜ್ವರ ಅಂತಾರ. ಮುದತಿ ಅಂದ್ರ ಗಡುವು. ಗಡುವು ತುಂಬಿದ ಕೂಡ್ಲೆ ಜ್ವರ ತಾನ ಎದ್ದು ಹೋಗ್ತದ ಅಂತ ನಮ್ಮವ್ವ ಅಂತಿದ್ಲು. ನಾನೂ ಅದನ್ನ ಖರೇ ಅಂತ ತಿಳಕೊಂಡಿದ್ದೆ.

ಸೊಸಿ ಜತ್ತದಾಗ ಅರಿವಿ ಅಂಗಡಿಯಾಗ ಕೆಲಸಕ್ಕ ಹೋಗ್ತಾಳ. ಎರಡೂ ಹೊತ್ತಿನ ಗುಳಿಗಿ ಕೊಡೂಕಿ ನಾನ. ಆರನೇ ದಿನ ಹುಡುಗಿ ಮೈ ತಣ್ಣಗಾತು. ಮರುದಿನ ಗುಳಿಗಿ ಕೊಡಾಕ ಹೋದ್ರ "ಆಯಿ, ಕಹಿ ಅದ, ಒಲ್ಲೆ" ಅಂತ ಎರಡೂ ಕೈಲೆ ಬಾಯಿ ಮುಚ್ಕೊಂಡ್ಲು. ಪಾಪ ಅನಿಸ್ತು. "ಬ್ಯಾಡ ಬಿಡವಾ, ಮುದತಿ ಮುಗೀತು" ಅಂದೆ. ಉಳಿದ ಗುಳಿಗಿ ಜ್ವಾಳದ ಡಬ್ಬಿಯಾಗ ಮುಚ್ಚಿಟ್ಟೆ. ಸೊಸಿ ಬಂದು ಕೇಳಿದ್ರ "ಕೊಟ್ಟೀನಿ" ಅಂದೆ. ಒಂದ ದಿನ ಅಲ್ಲ, ಎಂಟ ದಿನ ಹಂಗ ಅಂದೆ.

ಗುಳಿಗಿ ಬಿಟ್ಟ ಒಂಬತ್ತನೇ ದಿನ ಮುಂಜಾನಿ ಹುಡುಗಿ ಹೊಟ್ಟಿ ಹಿಡಕೊಂಡು ಹೊರಳಾಡಾಕ ಹತ್ತಿದ್ಲು. ಮೈ ಮತ್ತ ಸುಡ್ತಿತ್ತು, ಹೊಟ್ಟಿ ಹಲಗಿಯಂಗ ಬಿರುಸಾಗಿತ್ತು. ಜತ್ತದವರು "ಲಗೂನ ಮಿರಜಿನ ದೊಡ್ಡ ದವಾಖಾನಿಗೆ ಒಯ್ರಿ" ಅಂದ್ರು. ಅಲ್ಲಿ ಡಾಕ್ಟರು ನೋಡಿ, ಜ್ವರ ಒಳಗ ಉಳಿದು ಕರಳಿಗೆ ತೂತು ಬಿದ್ದದ, ಈಗಿಂದೀಗ ಆಪರೇಷನ್ ಆಗಬೇಕು ಅಂದ್ರು.

"ಗುಳಿಗಿ ಪೂರಾ ಕೊಟ್ಟಿದ್ರೇನು?"

ಸೊಸಿ ಅಳಕೋತ ಹೇಳಿದ್ಲು: "ಒಂದೂ ತಪ್ಪಿಲ್ರಿ ಸಾಹೇಬ್ರ. ನಮ್ಮ ಅತ್ತಿ ತಮ್ಮ ಕೈಲೆ ಕೊಟ್ಟಾರ."

ನಾಕ ಮಂದಿ ಮುಂದ ಬಡದಿದ್ರ ಅಷ್ಟ ನಾಚಿಕಿ ಆಗತಿದ್ದಿಲ್ಲ. ಡಾಕ್ಟರು "ಹಂಗಾದ್ರ ಆ ಔಷಧ ಈಕಿಗೆ ನಾಟಿಲ್ಲ" ಅಂತ ಕಾಗದದ ಮ್ಯಾಲ ಬರಿಯಾಕ ಹತ್ತಿದ್ರು. ನನ್ನ ಸುಳ್ಳಿನ ಮ್ಯಾಲ ನನ್ನ ಕೂಸಿಗೆ ಔಷಧ ಬರೀತಾರಲ್ಲ!

"ನಾಟೂದೆಲ್ಲಿಂದ ಬಂತ್ರಿ, ಹೊಟ್ಟಿಗೆ ಹೋಗೇ ಇಲ್ಲ" ಅಂದೆ. "ಆರ ದಿನ ಕೊಟ್ಟೆ. ಉಳದದ್ದು ಜ್ವಾಳದ ಡಬ್ಬಿಯಾಗ ಅದಾವ್ರಿ."

ಸೊಸಿ ನನ್ನ ಕಡೆ ತಿರುಗಿದ್ಲು. ಡಾಕ್ಟರು ಬರದದ್ದು ಹೊಡದು ಹಾಕಿ, "ಅಜ್ಜಿ, ಗಡುವು ಗುಳಿಗಿಗೆ ಇರ್ತದ, ಜ್ವರಕ್ಕಲ್ಲ" ಅಂದು ಒಳಗ ಹೋದ್ರು.

ಹುಡುಗಿ ಉಳದ್ಲು. ಕಣ್ಣ ತಗದು ಮೊದಲ ಕೇಳಿದ್ದು "ರೊಟ್ಟಿ". ದೇವರ ಪುಣ್ಯಾ, ಎಷ್ಟ ಹೇಳಿದ್ರೂ ಕಡಿಮಿ. ಆದ್ರ ಮಿರಜಿನಾಗ ಇದ್ದಷ್ಟೂ ದಿನ ಸೊಸಿ ನನಗ ಚಾ ತಂದು ಬಾಜೂಕ ಇಡೂದು, ನನ್ನ ಮಾರಿ ನೋಡೂದಿಲ್ಲ.

ಮನಿಗೆ ಬಂದ ಮ್ಯಾಲೂ ಗುಳಿಗಿ ಇದ್ವು. ಸೊಸಿ ಕೆಲಸಕ್ಕ ಹೊಂಟಾಗ ನನ್ನ ಕೈಯಾಗ ಇಟ್ಲು. "ಬ್ಯಾಡವಾ, ನನ್ನ ನಂಬಬ್ಯಾಡ" ಅಂದೆ.

"ನಂಬೀನಿ ಅಂತ ಯಾರ ಅಂದ್ರು? ನನಗ ಸೂಟಿ ಇಲ್ಲ. ಫೋನ್ ಮಾಡ್ತೀನಿ, ಆಕಿ ನುಂಗೂದು ತೋರಸ್ರಿ."

ಹೊತ್ತಿಗೆ ಸರಿಯಾಗಿ ಫೋನ್ ಬಂತು. ಹುಡುಗಿ ಗುಳಿಗಿ ನುಂಗಿ, ಉದ್ದಕ ನಾಲಿಗಿ ಚಾಚಿದ್ಲು.

"ಅತ್ತಿ, ಫೋನ್ ಆಕಿ ಕಡೆ ಹಿಡೀರಿ, ನಿಮ್ಮ ಮಾರಿನ ಕಾಣ್ತದ" ಅಂದ್ಲು ಸೊಸಿ.

ತಿಳೀಲಾರದ ಹಿಡದಿದ್ದಿಲ್ಲ ನಾ. ಒಮ್ಮೆ ಸೊಸಿ ನನ್ನ ಮಾರಿ ನೋಡ್ಲಿ ಅಂತ ಹಿಡದಿದ್ದೆ.