ಗಟ್ಟಿ ಅಂದರೆ ಯಾವ ಗಟ್ಟಿ

ಮೊನ್ನೆ ಅರಸೀಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನಲ್ಲಿ ಯಾರೋ ಒಡೆದ ಬಂಪರಿಗೆ ಫೈಬರ್ ತೇಪೆ ಹಾಕುತ್ತಿದ್ದರು. ರೆಸಿನ್ನೆಂಬ ಅಂಟಿನ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಮನೆಯ ಹಿಂದಿನ ಮನೆಯ ಅಕ್ಕ ನೆನಪಾದಳು. ಆ ನೆನಪಿನ ಬೆನ್ನಿಗೇ ಕೋಪವೂ ಬಂತು. ಅವಳು ತೀರಿಕೊಂಡರೂ ಆ ಕೋಪ ಆರಿಲ್ಲ...

ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದವಳು ಕೆಲಸ ಬಿಟ್ಟು ಅಣ್ಣನ ಮನೆಗೆ ಬಂದಿದ್ದಳು. ಅಣ್ಣನದು ಕೊಬ್ಬರಿ ವ್ಯಾಪಾರ. ಹಿತ್ತಲ ಕೊಬ್ಬರಿ ಶೆಡ್ಡಿನ ಒಂದು ಮೂಲೆಯಲ್ಲಿ ಅವಳು ಯಂತ್ರ ಕಟ್ಟತೊಡಗಿದಳು. ಹಳೇಬೀಡಿನ ಮೆದುಕಲ್ಲಿನಲ್ಲಿ ಹೂಬಳ್ಳಿ ಕೊರೆಯುವ ಯಂತ್ರ. ಕೊರೆಯುವ ಮೋಟರು ಒಂದು ಅಡ್ಡತೊಲೆಗೆ ತೂಗಿಕೊಂಡು ಓಡಾಡಬೇಕು. ಕಬ್ಬಿಣದ ತೊಲೆ ಹಾಕಿದರೆ ಭಾರ ಹೆಚ್ಚಿ ಯಂತ್ರ ಏದುಸಿರು ಬಿಡುತ್ತಿತ್ತು, ತೆಳುವಾದದ್ದು ಹಾಕಿದರೆ ಬಾಗುತ್ತಿತ್ತು. ಅದಕ್ಕೇ ತೊಲೆಯನ್ನು ತಾನೇ ಮಾಡಲು ಹೊರಟಳು. ನಡುವೆ ಥರ್ಮೋಕೋಲು, ಸುತ್ತ ರೆಸಿನ್ನಿನಲ್ಲಿ ನೆನೆಸಿದ ಗಾಜಿನ ನಾರಿನ ಬಟ್ಟೆ. ಮೊದಲು ಬಂಪರಿಗೆ ಹಾಕುವ ಇದೇ ರೆಸಿನ್ನು ತಂದಿದ್ದಳು. ಅದು ಥರ್ಮೋಕೋಲನ್ನೇ ತಿಂದು ನೀರು ಕುಡಿಯಿತು. ಅವತ್ತು ಅವಳು ಬೈದ ಬೈಗುಳ ನಮ್ಮ ಅಡುಗೆಮನೆಗೆ ಕೇಳಿತ್ತು. ಆಮೇಲೆ ಬೇರೆ ಜಾತಿಯ ರೆಸಿನ್ನು ತರಿಸಿದಳು.

ಬ್ಲೌಸಿಗೆ ಕ್ರಾಸ್ ಕಟ್ ಮಾಡುವ ಹಾಗೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಸುತ್ತುತ್ತಿದ್ದಳು, ತೊಲೆ ತಿರುಚಿಕೊಳ್ಳಬಾರದೆಂದು. ನಾನೊಮ್ಮೆ, "ಇಷ್ಟು ಹಗುರ ಇದೆಯಲ್ಲಕ್ಕ, ಗಟ್ಟಿ ಇರುತ್ತಾ?" ಎಂದೆ.

"ಕನ್ನಡ ಮೇಡಂ ನೀನು, ಗಟ್ಟಿ ಅಂದ್ರೆ ಯಾವ ಗಟ್ಟಿ ಹೇಳು. ಬಾಗದೆ ಇರೋದು ಒಂದು, ಒಡೀದೆ ಇರೋದು ಇನ್ನೊಂದು. ಎರಡಕ್ಕೂ ಒಂದೇ ಮಾತು ಇಟ್ಕೊಂಡು ಕೂತಿದೀರ! ಹೊಟ್ಟೆ ದಪ್ಪ ಆದಷ್ಟೂ ಇದು ಬಾಗಲ್ಲ ಕಣೇ. ನಮ್ಮಣ್ಣನ ಹಾಗೆ."

ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು...

ಅಣ್ಣನಿಗೆ ಆ ಮೂಲೆ ಬೇಕಿತ್ತು. ಆಯುಧಪೂಜೆಯ ಹೊತ್ತಿಗೆ ಯಂತ್ರವನ್ನು ಯಾರಾದರೂ ಶಿಲ್ಪಿ ಒಪ್ಪಿದರೆ ಮೂಲೆ ಅವಳದು, ಇಲ್ಲವಾದರೆ ಕೊಬ್ಬರಿಗೆ. ಹಾಗೆಂದು ಮಾತಾಗಿತ್ತು. ಹಳೇಬೀಡಿನಿಂದ ಕಲ್ಲಿನ ವಿಗ್ರಹ ಮಾಡಿ ಮಾರುವವರೊಬ್ಬರು ಹಬ್ಬದ ದಿನ ತಾವೇ ಕಲ್ಲು ಹೊತ್ತು ತಂದರು. ಅಕ್ಕ ಹೊಸ ಸೀರೆ ಉಟ್ಟಿದ್ದಳು. ಯಂತ್ರಕ್ಕೆ ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದಾಯಿತು. ಇನ್ನು ಗುಂಡಿ ಒತ್ತಬೇಕು, ಅಷ್ಟೇ.

ಅಷ್ಟರಲ್ಲಿ ಅಣ್ಣ ಬಂದರು. ಆಗಷ್ಟೇ ತಮ್ಮ ಲಾರಿಯ ಬಂಪರಿಗೆ ಕಾಯಿ ಒಡೆದು ಬಂದಿದ್ದರು. ಅದೇ ಕೈಯಲ್ಲಿ ಇನ್ನೊಂದು ಕಾಯಿ ಎತ್ತಿ, ಯಾರನ್ನೂ ಕೇಳದೆ, ತೊಲೆಯ ಮೇಲೆ ಬಾರಿಸಿದರು. ಕಾಯಿ ಒಡೆಯಲಿಲ್ಲ. ತೊಲೆಯ ಸಿಪ್ಪೆ ಬಿರಿದು, ಮೋಟರು ಓಡಾಡುವ ಕಂಬಿಯ ಬುಡಕ್ಕೇ ಕುಳಿ ಬಿತ್ತು. ಇನ್ನು ಮೋಟರು ನೆಟ್ಟಗೆ ಓಡುವಂತಿರಲಿಲ್ಲ.

"ಒಂದು ಕಾಯಿಗೆ ತಡೀದೇ ಇರೋದು ಕಲ್ ಕೆತ್ತತೈತೇನಮ್ಮ?" ಎಂದರು.

ನೆರೆದವರೆಲ್ಲ ನಕ್ಕರು. ಆ ನಗುವಿಗೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಲ್ಲಿಯಾದರೂ ಯಂತ್ರದ ತೊಲೆಗೆ ಕಾಯಿ ಒಡೆಯುತ್ತಾರೆಯೇ? ಅದು ಬಾಗದಿರಲೆಂದು ಮಾಡಿದ್ದು, ಹೊಡೆತ ತಿನ್ನಲೆಂದಲ್ಲ. ಒಂದು ವಾರ ಬಿಟ್ಟಿದ್ದರೆ ತೇಪೆ ಹಾಕಿ ಸರಿಮಾಡುತ್ತಿದ್ದಳು. ಅಷ್ಟೂ ವ್ಯವಧಾನ ಯಾರಿಗಿತ್ತು? ಹಳೇಬೀಡಿನವರು ಕಲ್ಲನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, "ಬತ್ತೀನಿ ಕಣಮ್ಮ" ಎಂದು ಎದ್ದರು. ಮತ್ತೆ ಬರಲಿಲ್ಲ. ಬೇಕೆಂತಲೇ ಹೊಡೆದರೋ, ಲಾರಿಯ ಅಭ್ಯಾಸವೋ, ಆ ಅಣ್ಣನನ್ನೇ ಕೇಳಬೇಕು. ಹಬ್ಬದ ದಿನ ಕಾಯಿ ಒಡೆದವರನ್ನು ಬೈಯುವಂತಿಲ್ಲ ನೋಡಿ, ದೇವರನ್ನು ಅಡ್ಡ ಇಟ್ಟುಕೊಂಡರೆ ಏನು ಬೇಕಾದರೂ ಮಾಡಬಹುದು! ನನಗೆ ಅಕ್ಕನ ಮೇಲೂ ಸಿಟ್ಟಿದೆ. ರೆಸಿನ್ನನ್ನು ಬೀದಿಗೆ ಕೇಳುವಂತೆ ಬೈದವಳು ಅವತ್ತು ತುಟಿ ಬಿಚ್ಚಲಿಲ್ಲ. ಹಾರ ತೆಗೆದಿಟ್ಟು ಒಳಗೆ ಹೋದಳು. ಆಮೇಲೆ ಆ ಬಟ್ಟೆ, ಆ ರೆಸಿನ್ನು ಯಾವುದನ್ನೂ ಮುಟ್ಟಲಿಲ್ಲ...

ಗ್ಯಾರೇಜಿನಿಂದ ನಾನು ಮನೆಗೆ ಹೋಗಲಿಲ್ಲ. ನೆಟ್ಟಗೆ ಆ ಶೆಡ್ಡಿಗೆ ಹೋದೆ. ಅಣ್ಣ ಈಗ ಮುದುಕರು, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ಎರಡು ಗೋಡೆಗಳ ನಡುವೆ ಅದೇ ತೊಲೆ. ಒಂದು ತುದಿಯಲ್ಲಿ ಅದೇ ಕುಳಿ. ಅದರ ಮೇಲೆ ಸಾಲಾಗಿ ಕೊಬ್ಬರಿ ಮೂಟೆಗಳು.

ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅಣ್ಣ ಹಿಗ್ಗಿನಿಂದ ಹೇಳಿದರು: "ನಮ್ ತಂಗಿ ಮಾಡಿದ್ದು ಕಣಮ್ಮ. ಬಾಳ ಗಟ್ಟಿ ಐತೆ. ಇಷ್ಟ್ ವರ್ಷ ಮೂಟೆ ಹೊತ್ತೈತೆ, ಒಂಚೂರೂ ಬಾಗಿಲ್ಲ."

"ಈ ಮಾತನ್ನ ಅವತ್ತು ಹೇಳ್ಬೇಕಿತ್ತು ನೀವು," ಎಂದೆ.

ಅವರು ಕಿವಿಗೆ ಕೈ ಒಡ್ಡಿದರು. "ಒಸಿ ಗಟ್ಟಿಯಾಗಿ ಹೇಳಮ್ಮ, ಕಿವಿ ಕೇಳಾಕಿಲ್ಲ."

ಗಟ್ಟಿಯಾಗಿಯೇ ಹೇಳಿದೆ, ಇಡೀ ಬೀದಿಗೆ ಕೇಳುವ ಹಾಗೆ. ಕೇಳಿಸಿಕೊಳ್ಳಬೇಕಾಗಿದ್ದವಳು ಮಾತ್ರ ಇರಲಿಲ್ಲ.