ಮೂಲೆ ಹರಿದ ಕಾಗದ

ಅಕ್ಕನ ಹೆಸರಿಗೆ ಬಂದ ಕಾಗದವನ್ನು ನಾನು ಅವಳ ಕೈಗೆ ಕೊಡಲಿಲ್ಲ. ಇಪ್ಪತ್ತಾರು ವರ್ಷ ಅದನ್ನು ಯಾರ ಮುಂದೆಯೂ ಹೇಳಲಿಲ್ಲ.

ಹುಮನಾಬಾದಿನಲ್ಲಿ ಅಕ್ಕ ಏಳನೇ ಇಯತ್ತೆ ಮುಗಿಸಿದ್ದಳು. ನಾನು ನಾಲ್ಕಕ್ಕೇ ಶಾಲೆ ಬಿಟ್ಟು, ಮಾಣಿಕನಗರದಲ್ಲಿ ಅಪ್ಪನ ಅಂಗಡಿಯಲ್ಲಿ ಕುಂಕುಮದ ಪುಡಿಕೆ ಕಟ್ಟುತ್ತಿದ್ದೆ. ಅವಳ ಮಾಸ್ತರರು ಹೈದರಾಬಾದಿನಿಂದ ಒಂದು ಚಿತ್ರದ ಪುಸ್ತಕ ತಂದಿದ್ದರು — ಅಮೆರಿಕದ ಕ್ಯಾನ್ಸಸ್ ರಾಜ್ಯದ ಮುಖಂಡರದು. ಎಲ್ಲ ಕೋಟು ತೊಟ್ಟ ಗಂಡಸರು. ನಡುವೆ ಒಬ್ಬಳೇ ಹೆಂಗಸು, ಗೋಧಿ ಬೆಳೆಯುವ ರೈತನ ಮಗಳು, ಶಾಸನಸಭೆಗೆ ಆರಿಸಿಬಂದವಳು. ಮಾಸ್ತರರಿಂದ ಇಂಗ್ಲಿಷ್ ತಿದ್ದಿಸಿಕೊಂಡು ಅಕ್ಕ ಆಕೆಗೆ ಕಾಗದ ಬರೆದಳು.

ಅಪ್ಪ ನಕ್ಕ. "ಆ ಅಮೆರಿಕದ ಬಾಯಿ ನಿನಗ ಜವಾಬು ಬರದ್ರ ಮುಂದ ಓದವ್ವಾ. ಇಲ್ಲಂದ್ರ ದೀಪಾವಳಿ ಆದಮ್ಯಾಲ ಸುಮ್ನ ಮದಿವಿ ಆಗಬೇಕು ನೋಡು."

"ಮಾತಿಗೆ ತಪ್ಪಬ್ಯಾಡ ಮತ್ತ," ಅಂದಳು ಅಕ್ಕ.

ಜವಾಬು ಬಂತು. ಟಪಾಲಿನವನು ಅಂಗಡಿಯಲ್ಲೇ ನನ್ನ ಕೈಗಿಟ್ಟ. ಉದ್ದನೆಯ ಬಿಳಿ ಲಕೋಟೆ, ಪರದೇಶದ ಅಂಚೆಚೀಟಿ. ಅವಳು ಓದುತ್ತಾ ಹೋಗುತ್ತಾಳೆ, ನಾನು ಹೀಗೇ ಪುಡಿಕೆ ಕಟ್ಟುತ್ತಾ — ಹೊಳೆದದ್ದು ಇಷ್ಟೇ. ಚೀಟಿಯಿದ್ದ ಮೂಲೆಯನ್ನು ಹರಿದೆ.

ನಮ್ಮ ಕಡೆ ಮೂಲೆ ಹರಿದ ಕಾಗದವೆಂದರೆ ಸಾವಿನ ಸುದ್ದಿ. ಹೊಸ್ತಿಲು ದಾಟಬಾರದು, ಹೊರಗೇ ಓದಿ ಚೂರು ಮಾಡಬೇಕು. ಅಪ್ಪನಿಗೆ ಅಕ್ಷರ ಬಾರದು, ಅಕ್ಕ ಒಳಗೆ ಅಡುಗೆಯಲ್ಲಿದ್ದಳು. ಅಂಗಳದಲ್ಲಿ ನಿಂತು ಓದಿದಂತೆ ಮಾಡಿದೆ — ಮುಂಬೈಗೆ ಹೋಗಿದ್ದ, ಮನೆಯವರು ಮರೆತೇಬಿಟ್ಟಿದ್ದ ದೂರದ ಕಾಕನೊಬ್ಬನನ್ನು ಸಾಯಿಸಿದೆ. ಚೂರುಗಳು ಅಂಗಳದ ನೀರೊಲೆಗೆ ಹೋದವು. ಎಲ್ಲರೂ ತಲೆಗೆ ನೀರು ಹಾಕಿಕೊಂಡರು. ಅಕ್ಕನೂ. ತನ್ನ ಕಾಗದಕ್ಕೆ ತಾನೇ ಮೈಲಿಗೆ ಕಳೆದುಕೊಂಡಳು.

ದೀಪಾವಳಿಯ ತನಕ ದಿನಾ ಸಂಜೆ ಒಂದೇ ಮಾತು: "ಟಪಾಲು ಬಂತೇನೋ ತಮ್ಮಾ?"

"ಇಲ್ಲಕ್ಕ."

ನಾರಾಯಣಪುರಕ್ಕೆ ಮದುವೆಯಾಗಿ ಹೋದಳು. ಮತ್ತೆ ಪುಸ್ತಕ ಮುಟ್ಟಿದ್ದನ್ನು ನಾನು ಕಾಣೆ.

ಹೋದ ವಾರ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಇಬ್ಬರೂ ಅವಳ ಬಸ್ಸಿಗೆ ಕಾಯುತ್ತಿದ್ದೆವು. ಚೀಲ ಹೊತ್ತ ಶಾಲೆಯ ಹುಡುಗಿಯರು ಹಾದುಹೋದರು. ಅಕ್ಕ ನಕ್ಕಳು. "ನನ್ನ ಇಂಗ್ಲಿಷ್ ಓದಿ ಆ ಬಾಯಿ ಎಷ್ಟ್ ನಕ್ಕಿದ್ಲೋ ಏನೋ. ಅದಕ್ಕ ಜವಾಬು ಬರೀಲಿಲ್ಲ. ಓದೋ ಮಂದಿ ಅಲ್ಲ ಬಿಡು ನಾವು."

ಇಷ್ಟು ವರ್ಷ ಅವಳು ತನ್ನನ್ನೇ — ನಾನು ತಡೆಯಲಾರದೆ ಎಲ್ಲ ಹೇಳಿದೆ. ಮೂಲೆ, ಕಾಕ, ನೀರೊಲೆ.

ಬಸ್ಸು ಬಂದು ನಿಂತಿತು. ಅಕ್ಕ ಏಳಲಿಲ್ಲ. ಒಂದೇ ಮಾತು ಕೇಳಿದಳು: "ಏನ್ ಬರದಿದ್ಲು?"

"ಗೊತ್ತಿಲ್ಲಕ್ಕ. ನನಗ ಇಂಗ್ಲಿಷ್ ಓದಾಕ ಬರ್ತಿರಲಿಲ್ಲ... ನಾನೇ ಹರದೆ. ತಪ್ಪು ಮಾಡೀನಿ ಅಕ್ಕಾ, ನಿನ್ನ ಕಾಗದ ನಾನೇ ಸುಟ್ಟೀನಿ."